ಓ.ಟಿ. ಕಪಾಟಿನಲ್ಲಿರುವ ಔಷಧಿಗೆ ನಾವು ಬೆಂಗಳೂರಿಗೆ ಯಾಕೆ ಹೋಗಬೇಕು?

ಮಾನ್ಯ ಆರೋಗ್ಯ ಸಚಿವರಿಗೆ, ವೈದ್ಯಕೀಯ ಶಿಕ್ಷಣ ಸಚಿವರಿಗೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರಿಗೆ,

ಕೊಪ್ಪಳದಿಂದ ನಮಸ್ಕಾರ.

ನಾನು 31 ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಅದರಲ್ಲಿ 19 ವರ್ಷ ಓ.ಟಿ.ಯಲ್ಲೇ, ಅಂದರೆ ಆಪರೇಷನ್ ಥಿಯೇಟರಿನಲ್ಲೇ ಕಳೆಯಿತು. ಈಗ ನಿವೃತ್ತಿಯಾಗಿದ್ದೇನೆ. ಅರ್ಜಿ ಬರೆದು ಟಪಾಲಿಗೆ ಹಾಕಿದರೆ ಯಾವ ಟೇಬಲ್ಲಿನ ಮೇಲೆ ಕೂರುತ್ತದೆ ಅಂತ ನೌಕರಿಯಲ್ಲಿದ್ದವಳಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ತಾಲ್ಲೂಕು ಆಸ್ಪತ್ರೆಯ ಓ.ಟಿ.ಗೆ ಕೆಟಮಿನ್ ಅನ್ನುವ ಮಂಪರು ಔಷಧಿ ಅಂದರೆ ಅಡುಗೆಮನೆಗೆ ಉಪ್ಪು ಇದ್ದ ಹಾಗೆ. ಕರೆಂಟ್ ಹೋಗಲಿ, ಆಕ್ಸಿಜನ್ ಸಿಲಿಂಡರ್ ಅರ್ಧವೇ ಇರಲಿ, ಅದು ಕೈಬಿಡುತ್ತಿರಲಿಲ್ಲ. ಬೇರೆ ಮಂಪರು ಔಷಧಿಗಳಲ್ಲಿ ಉಸಿರು ಕುಗ್ಗುತ್ತದೆ, ಬಿಪಿ ಬೀಳುತ್ತದೆ. ಇದರಲ್ಲಿ ಸಾಮಾನ್ಯವಾಗಿ ಉಸಿರು ತನ್ನ ಪಾಡಿಗೆ ತಾನು ನಡೆಯುತ್ತದೆ, ಬಿಪಿ ಒಂಚೂರು ಮೇಲೇರುತ್ತದೆ. ಕೈಗೆ ಕುಡುಗೋಲು ಬಡಿಸಿಕೊಂಡು ಬಂದವರು, ಬಾವು ಕೊಯ್ಯಿಸಿಕೊಳ್ಳಲು ಬಂದವರು, ಸುಟ್ಟ ಗಾಯಕ್ಕೆ ಡ್ರೆಸ್ಸಿಂಗ್ ಮಾಡಬೇಕಾದ ಮಕ್ಕಳು, ಎಲ್ಲರಿಗೂ ಅದೇ ಸೂಜಿ. ಕೊಟ್ಟ ಒಂದು ನಿಮಿಷಕ್ಕೆ ಪೇಷಂಟ್ ಇಲ್ಲಿಂದ ಎಲ್ಲೋ ಹೋಗಿಬಿಡುತ್ತಾರೆ. ಆದರೆ ಕಣ್ಣು ತೆರೆದೇ ಇರುತ್ತದೆ. ಕರಿಗುಡ್ಡೆ ನಿಧಾನಕ್ಕೆ ಅತ್ತಿಂದಿತ್ತ ಆಡುತ್ತಿರುತ್ತದೆ, ತೊಟ್ಟಿಲು ತೂಗಿದ ಹಾಗೆ. ಬಾಯಲ್ಲಿ ಜೊಲ್ಲು ಜಾಸ್ತಿ ಬರುತ್ತದೆ, ಅದಕ್ಕೆ ಮೊದಲೇ ಅಟ್ರೋಪಿನ್ ಕೊಡುತ್ತಿದ್ದೆವು. ಎಚ್ಚರಾಗುವಾಗ ಒಬ್ಬೊಬ್ಬರದು ಒಂದೊಂದು ಮಾತು. ಯಲಬುರ್ಗಾ ಕಡೆಯ ಒಬ್ಬ ಅಜ್ಜಿ, "ಗವಿಮಠದ ತೇರಿನ ಕಳಸದ ಮ್ಯಾಲ ಕುಂತೀನಿ, ಇಳಸ್ರೋ ನನ್ನ" ಅಂತ ಕೂಗಿದ್ದು ಇವತ್ತಿಗೂ ಕಿವಿಯಲ್ಲಿದೆ. ನಾವೆಲ್ಲ ನಕ್ಕಿದ್ದೆವು. ಈಗ ಆ ನಗು ನೆನೆದರೆ ಒಂಥರಾ ಆಗುತ್ತದೆ.

ಯಾಕೆಂದರೆ, ನಾನು ಸಾವಿರ ಸಲ ಸಿರಿಂಜಿಗೆ ಎಳೆದುಕೊಟ್ಟ ಅದೇ ಔಷಧಿ ಗುಳಿಗೆಗೆ ಬಗ್ಗದ ಖಿನ್ನತೆಗೂ ಕೆಲಸ ಮಾಡುತ್ತದೆ ಅಂತ ನನಗೆ ತಿಳಿದಿದ್ದು ನಿವೃತ್ತಿಯಾದ ಮೇಲೆ. ಅದೂ ನನ್ನ ಸ್ವಂತ ತಮ್ಮನಿಂದ.

ಅವನದು ಗಂಗಾವತಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಭತ್ತದ ಸೀಮೆ, ಪಂಪ್‌ಸೆಟ್ಟಿಗೆ ಲೆಕ್ಕ ಇಲ್ಲ, ರೈಸ್ ಮಿಲ್ಲಿನ ಮೋಟಾರುಗಳು ಬೇರೆ. ಕೆಲಸಕ್ಕೆ ಬರ ಇರಲಿಲ್ಲ. ಮೋಟಾರು ಬಿಚ್ಚುವ ಮೊದಲೇ ಸದ್ದು ಕೇಳಿ ರೋಗ ಹೇಳುತ್ತಿದ್ದ. "ಇದು ವೈಂಡಿಂಗ್ ಸುಟ್ಟಿಲ್ಲ, ಬೇರಿಂಗ್ ಒಣಗೇತಿ" ಅನ್ನುತ್ತಿದ್ದ, ಬಿಚ್ಚಿದರೆ ಹಾಗೇ ಇರುತ್ತಿತ್ತು. ಆರು ವರ್ಷದ ಹಿಂದೆ ಅವನು ಮೆತ್ತಗಾದ. ಜನಕ್ಕೆ ಒಂದು ಕಾರಣ ಬೇಕೇ ಬೇಕು. ಸಾಲ ಇತ್ತಾ? ಹೆಂಡತಿ ಜೊತೆ ಜಗಳಾನಾ? ಯಾರಾದರೂ ಮಾಡಿಸಿದರಾ? ಯಾವುದೂ ಇರಲಿಲ್ಲ. ಅರ್ಧ ಸುತ್ತಿದ ಕಾಯಿಲ್ ತೊಡೆಯ ಮೇಲೆ ಇಟ್ಟುಕೊಂಡು, ತಾಮ್ರದ ತಂತಿಯ ತುದಿ ಬೆರಳಲ್ಲಿ ಹಿಡಿದುಕೊಂಡು, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹಾಗೇ ಕೂತಿರುತ್ತಿದ್ದ. 74 ಕೆ.ಜಿ. ಇದ್ದವನು 60ಕ್ಕೆ ಇಳಿದ. "ನಾ ಇದ್ದೂ ಏನ್ ಮಾಡೂದೈತಿ" ಅಂತ ಒಂದು ಸಲ ಅಂದ ಮೇಲೆ ಅವನ ಹೆಂಡತಿ ರಾತ್ರಿ ಬಾಗಿಲಿಗೆ ಅಡ್ಡ ಹಾಸಿಕೊಂಡು ಮಲಗತೊಡಗಿದಳು. ಎರಡು ವರ್ಷ ಹಾಗೇ ಮಲಗಿದಳು.

ಹುಲಿಗಿ ಅಮ್ಮನ ಗುಡಿಗೆ ಹೋಗಿ ಬಂದೆವು. ದರ್ಗಾಕ್ಕೂ ಹೋಗಿ ಬಂದೆವು. ಅದರಿಂದ ನಮ್ಮ ಅವ್ವನಿಗೆ ಸಮಾಧಾನ ಆಯಿತು, ಅದೇನು ಸಣ್ಣದಲ್ಲ ಬಿಡಿ. ಜೊತೆಗೆ ಡಾಕ್ಟರ ಹತ್ತಿರವೂ ಹೋದೆವು. ಮೊದಲು ಎಸ್ಸಿಟಾಲೊಪ್ರಾಮ್, ಡೋಸ್ ಏರಿಸಿ ಎರಡು ತಿಂಗಳು. ಆಮೇಲೆ ವೆನ್ಲಾಫ್ಯಾಕ್ಸಿನ್. ಅದಕ್ಕೆ ಮಿರ್ಟಾಜಪಿನ್ ಜೊತೆ. ಆಮೇಲೆ ಲಿಥಿಯಂ, ಅದಕ್ಕೆ ಮತ್ತೆ ಮತ್ತೆ ರಕ್ತ ಪರೀಕ್ಷೆ. ಗುಳಿಗೆ ಒಂದು ದಿನ ತಪ್ಪಿಸಿಲ್ಲ, ನಾನೇ ಎಣಿಸಿ ಕೊಡುತ್ತಿದ್ದೆ. ಸರಿಯಾದ ಡೋಸಿನಲ್ಲಿ, ಸಾಕಷ್ಟು ವಾರ, ಕನಿಷ್ಠ ಎರಡು ಬೇರೆ ಬೇರೆ ಔಷಧಿ ಕೊಟ್ಟರೂ ಬಗ್ಗದಿದ್ದರೆ ಅದನ್ನು ಚಿಕಿತ್ಸೆಗೆ ಬಗ್ಗದ ಖಿನ್ನತೆ ಅಂತ ಕರೆಯುತ್ತಾರೆ. ಇಂಥವರು ಅಪರೂಪ ಅಂದುಕೊಳ್ಳಬೇಡಿ. 2006ರಲ್ಲಿ ಫಲಿತಾಂಶ ಬಂದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ಮೊದಲ ಗುಳಿಗೆಯಿಂದ ಪೂರ್ತಿ ಗುಣ ಕಂಡವರು ಮೂರರಲ್ಲಿ ಒಬ್ಬರು ಮಾತ್ರ. ಒಂದಾದ ಮೇಲೆ ಒಂದು ನಾಲ್ಕು ಹಂತದ ಚಿಕಿತ್ಸೆ ಮುಗಿದರೂ ಸುಮಾರು ಮೂರರಲ್ಲಿ ಒಬ್ಬರು ಹಾಗೇ ಉಳಿದಿದ್ದರು.

ಇಲ್ಲಿ ನಮ್ಮ ತಪ್ಪೂ ಒಂದು ಹೇಳಿಬಿಡುತ್ತೇನೆ. ಡಾಕ್ಟರು ಇ.ಸಿ.ಟಿ. ಮಾಡಿಸೋಣ ಅಂದಿದ್ದರು. ಮನೆಯವರೆಲ್ಲ "ತಲಿಗೆ ಕರೆಂಟ್ ಕೊಡ್ತಾರಂತ" ಅಂತ ಹೆದರಿದರು. ಜೀವಮಾನವಿಡೀ ಕರೆಂಟಿನ ಜೊತೆ ಬದುಕಿದ ನನ್ನ ತಮ್ಮನೇ ಎಲ್ಲರಿಗಿಂತ ಜಾಸ್ತಿ ಹೆದರಿದ. ಈಗ ಮಂಪರು ಕೊಟ್ಟು, ಸ್ನಾಯು ಸಡಿಲ ಮಾಡಿಯೇ ಇ.ಸಿ.ಟಿ. ಕೊಡುತ್ತಾರೆ, ಹಾಗೆ ಮಾಡದೆ ಕೊಡುವುದಕ್ಕೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ ನಿಷೇಧ ಇದೆ. ಓ.ಟಿ. ನರ್ಸ್ ಆದ ನಾನು ಇದನ್ನು ಗಟ್ಟಿಯಾಗಿ ಹೇಳಬೇಕಿತ್ತು. ಹೇಳಲಿಲ್ಲ.

ಕೊನೆಗೆ ಪರಿಚಯದ ಡಾಕ್ಟರೊಬ್ಬರು ಕೆಟಮಿನ್ ಡ್ರಿಪ್ ಬಗ್ಗೆ ಹೇಳಿದರು. ನನಗೆ ನಗು ಬಂತು. "ಸರ್, ಅದು ನಮ್ಮ ಓ.ಟಿ. ಔಷಧಿ ಅಲ್ವಾ?" ಅಂದೆ. "ಅದೇ ಸಿಸ್ಟರ್, ಅದೇ ವಯಲ್" ಅಂದರು.

2024ರ ಜೂನ್‌ನಲ್ಲಿ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ನನ್ನ ಕಣ್ಣು ಸುಮ್ನೆ ಇರುತ್ತದೆಯೇ? ಎಲ್ಲ ನೋಡಿದೆ. 10 ಎಂ.ಎಲ್. ವಯಲ್, ಅದರಲ್ಲಿ 500 ಮಿ.ಗ್ರಾಂ. ತಮ್ಮನಿಗೆ ಬೇಕಾಗಿದ್ದು 30 ಮಿ.ಗ್ರಾಂ. ಒಂದು ಕೆ.ಜಿ. ತೂಕಕ್ಕೆ ಅರ್ಧ ಮಿ.ಗ್ರಾಂ. ಲೆಕ್ಕ. ನಾವು ಆಪರೇಷನ್‌ಗೆ ಕೆ.ಜಿ.ಗೆ ಒಂದರಿಂದ ಎರಡು ಮಿ.ಗ್ರಾಂ. ಒಂದೇ ನಿಮಿಷದಲ್ಲಿ ಕೊಡುತ್ತಿದ್ದೆವು. ಇಲ್ಲಿ ಅದರ ಅರ್ಧವೋ ಕಾಲೋ, ಅದೂ ಸಲೈನಿನಲ್ಲಿ ಬೆರೆಸಿ, 40 ನಿಮಿಷ ಹಿಡಿದು ನಿಧಾನಕ್ಕೆ. ಪಕ್ಕದಲ್ಲಿ ಬಿಪಿ ಮಾನಿಟರ್, ಬೆರಳಿಗೆ ಆಕ್ಸಿಜನ್ ಕ್ಲಿಪ್, ಬಾಗಿಲ ಹತ್ತಿರ ಒಬ್ಬ ಅರಿವಳಿಕೆ ಡಾಕ್ಟರು. ಇಷ್ಟೇ. ಇದರಲ್ಲಿ ಯಾವ ಸಾಮಾನೂ ನಾನು ನಮ್ಮ ಜಿಲ್ಲೆಯಲ್ಲಿ ನೋಡದೇ ಇದ್ದದ್ದಲ್ಲ.

ಇಪ್ಪತ್ತು ನಿಮಿಷಕ್ಕೆ ತಮ್ಮ "ಗ್ವಾಡಿ ದೂರ ಹೊಂಟೈತಿ" ಅಂದ. ಕೈ ಎತ್ತಿ ನೋಡಿಕೊಂಡು "ಇದು ನಂದಲ್ಲ" ಅಂದ. ಬಿಪಿ 118ರಿಂದ 146ಕ್ಕೆ ಏರಿತು. ಒಮ್ಮೆ ವಾಕರಿಕೆ ಬಂತು. ಡ್ರಿಪ್ ನಿಂತ ಮೇಲೆ ನಿಧಾನಕ್ಕೆ ಎಲ್ಲ ಇಳಿಯಿತು. ಎರಡು ಗಂಟೆ ಅಲ್ಲೇ ಮಲಗಿಸಿದರು, ಅವತ್ತು ಗಾಡಿ ಓಡಿಸಬಾರದು ಅಂದರು. ಮೊದಲ ಡ್ರಿಪ್‌ನಿಂದ ಏನೂ ಆಗಲಿಲ್ಲ. ನಾನು ಒಳಗೊಳಗೇ ಲಾಡ್ಜಿನ ಬಾಡಿಗೆ ಲೆಕ್ಕ ಹಾಕತೊಡಗಿದ್ದೆ.

ಎರಡನೆಯದು ಆದ ಮಾರನೇ ಬೆಳಿಗ್ಗೆ. ಲಾಡ್ಜಿನ ರೂಮಿನಲ್ಲಿ ನಾನಿನ್ನೂ ಮಲಗಿದ್ದೆ. ಅವನು ಮಂಚದ ಮೇಲೆ ಎದ್ದು ಕೂತು ಮೇಲೆ ನೋಡುತ್ತಿದ್ದ. "ಅಕ್ಕಾ, ಈ ಫ್ಯಾನಿಂದು ಬೇರಿಂಗ್ ಹೋಗೇತಿ. ಇದರ ಕೆಳಗ ನೀ ಹೆಂಗ ಮಲಗೀದಿ?" ಅಂದ. ಕಿವಿಗೊಟ್ಟು ಕೇಳಿದರೆ ಕಿರ್ ಕಿರ್ ಅನ್ನುತ್ತಿತ್ತು. ನಾಲ್ಕು ದಿನದಿಂದ ಅನ್ನುತ್ತಿತ್ತೇನೋ, ನನಗೂ ಕೇಳಿರಲಿಲ್ಲ. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮೂರು ವಾರದಲ್ಲಿ ಆರು ಡ್ರಿಪ್. ಆಸ್ಪತ್ರೆ, ಲಾಡ್ಜು, ಊಟ, ಓಡಾಟ ಎಲ್ಲ ಸೇರಿ 70 ಸಾವಿರದ ಹತ್ತಿರ ಹೋಯಿತು. ಅದರಲ್ಲಿ ಔಷಧಿಯ ಪಾಲು ತೀರಾ ಕಡಿಮೆ. ಕೆಟಮಿನ್ ಹಳೆಯ ಔಷಧಿ, ಪೇಟೆಂಟ್ ಯಾವತ್ತೋ ಮುಗಿದಿದೆ. ಅದರಿಂದ ಯಾವ ಕಂಪನಿಗೂ ದೊಡ್ಡ ಲಾಭ ಇಲ್ಲ. ಹಾಗಾಗಿ ಅದರ ಪರವಾಗಿ ಓಡಾಡುವವರೂ ಇಲ್ಲ ಅಂತ ನನ್ನ ಅನಿಸಿಕೆ. ನಾವು ದುಡ್ಡು ಕೊಟ್ಟಿದ್ದು ಊರಿಗೆ, ದೂರಕ್ಕೆ.

ಸಾಹೇಬರೇ, ಇದನ್ನು ಯಾವುದೋ ಹೊಸ ಹುಚ್ಚು ಅಂತ ತಳ್ಳಿಹಾಕಬಾರದು ಅಂತ ಸ್ವಲ್ಪ ಹಿಂದಿನದು ಹೇಳುತ್ತೇನೆ. ಕೆಟಮಿನ್ ಅನ್ನು 1962ರಲ್ಲಿ ಅಮೆರಿಕದ ಪಾರ್ಕ್-ಡೇವಿಸ್ ಕಂಪನಿಗಾಗಿ ಕ್ಯಾಲ್ವಿನ್ ಸ್ಟೀವನ್ಸ್ ಅನ್ನುವವರು ತಯಾರಿಸಿದರು. 1970ರಲ್ಲಿ ಅಲ್ಲಿ ಮಂಪರು ಔಷಧಿ ಅಂತ ಒಪ್ಪಿಗೆ ಸಿಕ್ಕಿತು. ವಿಯೆಟ್ನಾಂ ಯುದ್ಧದ ಗಾಯಾಳುಗಳಿಗೂ ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಅರಿವಳಿಕೆಗೆ ಅಂತ ಇದರ ಹೆಸರಿದೆ. ಖಿನ್ನತೆಯ ಕತೆ ಶುರುವಾಗಿದ್ದು 2000ದಲ್ಲಿ. ಯೇಲ್ ವಿಶ್ವವಿದ್ಯಾಲಯದವರು ಬೆರಳೆಣಿಕೆಯ ರೋಗಿಗಳಿಗೆ ಇದೇ ಅರ್ಧ ಮಿ.ಗ್ರಾಂ., ಇದೇ 40 ನಿಮಿಷದ ಲೆಕ್ಕದಲ್ಲಿ ಕೊಟ್ಟು ನೋಡಿದರು. 2006ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯವರು ಗುಳಿಗೆಗೆ ಬಗ್ಗದ 18 ಜನರ ಮೇಲೆ ನೋಡಿದರು. ಒಂದೇ ದಿನದಲ್ಲಿ ಶೇ. 71 ಜನರಿಗೆ ಒಳ್ಳೆಯ ಸುಧಾರಣೆ. ಗುಳಿಗೆ ವಾರಗಟ್ಟಲೆ ತೆಗೆದುಕೊಳ್ಳುವ ಕೆಲಸ ಒಂದು ರಾತ್ರಿಯಲ್ಲಿ. ಆದರೆ ವಾರ ಕಳೆಯುವಷ್ಟರಲ್ಲಿ ಆ ಸುಧಾರಣೆ ಉಳಿದಿದ್ದು ಶೇ. 35 ಜನರಲ್ಲಿ. ಈ ಎರಡನೇ ಅಂಕಿಯನ್ನು ಡ್ರಿಪ್ ಮಾರುವವರು ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಹೇಗೆ ಕೆಲಸ ಮಾಡುತ್ತದೆ ಅಂತ ಕೇಳಿದರೆ ದೊಡ್ಡವರಲ್ಲೇ ಇನ್ನೂ ವಾದ ಇದೆ. ನಾವು ನುಂಗುವ ಹೆಚ್ಚಿನ ಗುಳಿಗೆಗಳು ಮೆದುಳಿನಲ್ಲಿ ಸುದ್ದಿ ಒಯ್ಯುವ ರಾಸಾಯನಿಕಗಳಾದ ಸೆರೊಟೋನಿನ್, ನಾರ್‌ಎಪಿನೆಫ್ರಿನ್ ದಾರಿಯಲ್ಲಿ ಹೋಗುತ್ತವೆ. ಕೆಟಮಿನ್ ಗ್ಲುಟಮೇಟ್ ಅನ್ನುವ ಬೇರೆ ದಾರಿ ಹಿಡಿಯುತ್ತದೆ. ಅಲ್ಲಿನ ಎನ್.ಎಂ.ಡಿ.ಎ. ಅನ್ನುವ ಬಾಗಿಲಿಗೆ ಅಗುಳಿ ಹಾಕುತ್ತದೆ. ಆಮೇಲೆ ನರಕೋಶಗಳ ನಡುವೆ ಹೊಸ ಕೊಂಡಿಗಳು ಬೆಳೆಯಲು ಅನುಕೂಲ ಆಗುತ್ತದೆ ಅಂತ ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಕಂಡಿದೆ. ತಮ್ಮನಿಗೆ ಇದನ್ನು ಹೇಳಿದಾಗ, "ಅಂದ್ರ ರಿವೈಂಡಿಂಗ್" ಅಂದ. ಅವನ ಮಟ್ಟಿಗೆ ಅದು ಸರಿ.

ಇನ್ನೊಂದು ಅಧ್ಯಯನ ಓ.ಟಿ.ಯವಳಾದ ನನಗೆ ಬಹಳ ಹಿಡಿಸಿತು. ಕೆಟಮಿನ್‌ನಲ್ಲಿ ಒಂದು ತೊಡಕಿದೆ. ಅದು ಮೈಗೆ ಹೋದ ಕೂಡಲೇ ಪೇಷಂಟ್‌ಗೆ ಗೊತ್ತಾಗಿಬಿಡುತ್ತದೆ. ಗೋಡೆ ದೂರ ಹೋದರೆ ಬರೀ ಸಲೈನ್ ಅಂತ ಯಾರು ನಂಬುತ್ತಾರೆ? ಹಾಗಾಗಿ ಔಷಧಿಯ ಗುಣ ಎಷ್ಟು, ನಂಬಿಕೆಯ ಗುಣ ಎಷ್ಟು ಅಂತ ಬಿಡಿಸುವುದು ಕಷ್ಟ. ಸ್ಟ್ಯಾನ್‌ಫೋರ್ಡ್‌ನವರು ಖಿನ್ನತೆ ಇದ್ದ 40 ಜನರಿಗೆ, ಬೇರೆ ಯಾವುದೋ ಆಪರೇಷನ್‌ಗೆ ಪೂರ್ತಿ ಮಂಪರಿನಲ್ಲಿ ಮಲಗಿದ್ದಾಗ, ಕೆಲವರಿಗೆ ಕೆಟಮಿನ್, ಕೆಲವರಿಗೆ ಬರೀ ಸಲೈನ್ ಕೊಟ್ಟರು. ಎಚ್ಚರಾದ ಮೇಲೆ ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಥರ ಸುಧಾರಿಸಿದರು. 2023ರಲ್ಲಿ ಇದು ಪ್ರಕಟವಾಯಿತು. ಇದನ್ನು ಓದಿ ನನಗೆ ಎರಡು ದಿನ ನಿದ್ದೆ ಬರಲಿಲ್ಲ. ನಮ್ಮ ತಮ್ಮನಿಗೆ ಆಗಿದ್ದು ಬರೀ ನಂಬಿಕೆಯೇ? ಆದರೆ ಅವನಿಗೆ ನಂಬಿಕೆ ಅನ್ನುವುದೇ ಉಳಿದಿರಲಿಲ್ಲ. ಅಲ್ಲದೆ ಅದೇ 2023ರಲ್ಲಿ ಅಮೆರಿಕದಲ್ಲಿ 403 ಜನರ ಮೇಲೆ ನಡೆದ ಅಧ್ಯಯನವೂ ಹೊರಬಂತು. ಅದರಲ್ಲಿ ಕೆಟಮಿನ್ ತೆಗೆದುಕೊಂಡವರಲ್ಲಿ ಶೇ. 55ರಷ್ಟು, ಇ.ಸಿ.ಟಿ. ಮಾಡಿಸಿಕೊಂಡವರಲ್ಲಿ ಶೇ. 41ರಷ್ಟು ಜನ ಸುಧಾರಿಸಿದ್ದರು. ಸ್ವೀಡನ್‌ನವರ ಅಧ್ಯಯನದಲ್ಲಿ ಇದಕ್ಕೆ ತದ್ವಿರುದ್ಧ, ಇ.ಸಿ.ಟಿ.ಯೇ ಮೇಲು. ಅಂದರೆ ಇದು ದೇವರ ತೀರ್ಥ ಅಲ್ಲ. ಆದರೆ ಇ.ಸಿ.ಟಿ.ಯ ಪಕ್ಕದಲ್ಲಿ ನಿಲ್ಲಿಸಿ ಹೋಲಿಸುವಷ್ಟು ಗಟ್ಟಿ ಚಿಕಿತ್ಸೆ.

ಈಗ ಸೋತ ಕತೆ ಕೇಳಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಹರಿಯಿತು. ಗಂಗಾವತಿಯಲ್ಲಿ ನೆಟ್ಟ ಭತ್ತಕ್ಕೆ ನೀರು ಸಿಗುತ್ತದೋ ಇಲ್ಲವೋ ಅಂತ ಎಲ್ಲರ ಎದೆ ಹೊಡೆದುಕೊಳ್ಳುತ್ತಿತ್ತು. ಅದೇ ವಾರ ತಮ್ಮ ಮತ್ತೆ ಕುಸಿದ. ಕೊನೆಯ ಡ್ರಿಪ್ ಆಗಿ ಐದು ವಾರ ಆಗಿತ್ತು. ನಾಲ್ಕು ವಾರಕ್ಕೆ ಒಮ್ಮೆ ಬಂದು ಒಂದು ಡ್ರಿಪ್ ತೆಗೆದುಕೊಂಡು ಹೋಗಿ ಅಂತ ಅಲ್ಲಿ ಹೇಳಿದ್ದರು. ನಾವು ಹೋಗಿರಲಿಲ್ಲ. ದುಡ್ಡಿರಲಿಲ್ಲ, ಅವ್ವನಿಗೆ ಹುಷಾರಿರಲಿಲ್ಲ, ಅವನೂ "ಈಗ ಆರಾಮ ಅದೀನಲ್ಲ" ಅಂದಿದ್ದ.

ಆ ವಾರ ಡ್ಯಾಮ್ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ, ಹೋದ ಗೇಟಿನ ಜಾಗಕ್ಕೆ ತಾತ್ಕಾಲಿಕ ಉಕ್ಕಿನ ತಡೆಯಾಗಿ ಸ್ಟಾಪ್‌ಲಾಗ್ ಇಳಿಸಿದ್ದನ್ನು ನಾವೆಲ್ಲ ಟೀವಿಯಲ್ಲಿ ಉಸಿರು ಬಿಗಿಹಿಡಿದು ನೋಡಿದೆವು. ನನಗೆ ಕೆಟಮಿನ್ ಅರ್ಥವಾಗಿದ್ದು ಅವತ್ತು. ಸ್ಟಾಪ್‌ಲಾಗ್ ಗೇಟ್ ಅಲ್ಲ. ಆದರೆ ಅದನ್ನು ಇಳಿಸದೇ ಇದ್ದರೆ ಹೊಸ ಗೇಟ್ ಮಾಡುವಷ್ಟರಲ್ಲಿ ಡ್ಯಾಮಿನಲ್ಲಿ ಉಳಿಸಿಕೊಳ್ಳಲು ನೀರೇ ಇರುತ್ತಿರಲಿಲ್ಲ. ಡ್ರಿಪ್ ಕೊಟ್ಟು ಮೇಲೆತ್ತಿದ ಆ ಕೆಲವು ವಾರಗಳಲ್ಲಿ ಗುಳಿಗೆ ಸರಿಮಾಡಬೇಕು, ಕೌನ್ಸೆಲಿಂಗ್ ಆಗಬೇಕು, ನಿದ್ದೆ, ಊಟ, ಕೆಲಸ ಹಳಿಗೆ ಬರಬೇಕು. ನಮಗೆ ಇಳಿಸುವ ಕ್ರೇನ್ ಇದ್ದಿದ್ದು 350 ಕಿ.ಮೀ.ಗಿಂತ ದೂರದಲ್ಲಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಒಮ್ಮೆ ತೆಗೆದು ನೋಡಿ. ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಅಂತ ಅದರಲ್ಲಿದೆ. ಮಾನಸಿಕ ಕಾಯಿಲೆ ಇರುವ ಯಾರೂ ಚಿಕಿತ್ಸೆಗಾಗಿ ಬಹುದೂರ ಓಡಾಡುವ ಹಾಗಾಗಬಾರದು, ಸೇವೆ ಅವರು ಇರುವ ಜಾಗಕ್ಕೆ ಹತ್ತಿರ ಇರಬೇಕು ಅಂತಲೂ ಇದೆ. ಹಾಸಿಗೆಯಿಂದ ಬಚ್ಚಲಿಗೆ ಹೋಗಲು ಆಗದವನನ್ನು ಗಂಗಾವತಿಯಿಂದ ಹೊಸಪೇಟೆಗೆ ಬಸ್ಸಿನಲ್ಲಿ, ಅಲ್ಲಿಂದ ರಾತ್ರಿಯಿಡೀ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಕೂರಿಸಿಕೊಂಡು ಹೋದವಳು ನಾನು. ಕಾಯ್ದೆ ಬರೆದವರಿಗೆ ಆ ದಾರಿ ಗೊತ್ತಿತ್ತು ಅನ್ನಿಸುತ್ತದೆ.

ಇನ್ನೊಂದು ಮಾತು ನೆನಪಿಸಬೇಕು. ದೇಶದಲ್ಲಿ ಇವತ್ತು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ನಡೆಯುತ್ತಿದೆಯಲ್ಲ, ಅದರ ಬೀಜ ನಮ್ಮ ಬಳ್ಳಾರಿಯದು. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮನೋರೋಗಕ್ಕೆ ಹಳ್ಳಿ ಹತ್ತಿರವೇ ಮದ್ದು ಸಿಗುವ ಹಾಗೆ ಮಾಡಿದರು. ಬಳ್ಳಾರಿ ಮಾದರಿ ಅಂತಲೇ ಅದಕ್ಕೆ ಹೆಸರು. ಅದನ್ನು ನೋಡಿಯೇ 1996ರಲ್ಲಿ ದೇಶದ ನಾಲ್ಕು ಜಿಲ್ಲೆಗಳಲ್ಲಿ ಕಾರ್ಯಕ್ರಮ ಶುರುವಾಯಿತು. ಆಗ ನಮ್ಮ ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲಿತ್ತು, ಬೇರೆಯಾಗಿದ್ದು 1997ರಲ್ಲಿ. ದೂರದ ಹಳ್ಳಿಗೆ ಮೊದಲ ಗುಳಿಗೆ ತಲುಪಿಸುವುದನ್ನು ಈ ಸೀಮೆ ದೇಶಕ್ಕೆ ಕಲಿಸಿತು. ಆ ಗುಳಿಗೆ ಸೋತಾಗ ಏನು ಅನ್ನುವುದಕ್ಕೆ ನಮ್ಮನ್ನು ರೈಲು ಹತ್ತಿಸುತ್ತಿದ್ದೀರಿ.

ನಾನು ಕೇಳುವುದು ದೊಡ್ಡದಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಮೆಡಿಕಲ್ ಕಾಲೇಜು ಅಂದ ಮೇಲೆ ಮನೋರೋಗ ವಿಭಾಗವೂ ಇರಬೇಕು, ಅರಿವಳಿಕೆ ವಿಭಾಗವೂ ಇರಬೇಕು. ಈ ಇಬ್ಬರೂ ವಾರಕ್ಕೆ ಎರಡು ದಿನ, ಒಂದು ರೂಮಿನಲ್ಲಿ, ಎರಡು ಮಂಚದ ನಡುವೆ ಭೇಟಿಯಾದರೆ ಸಾಕು. ಎರಡು ಮಾನಿಟರ್, ಎರಡು ಸಿರಿಂಜ್ ಪಂಪ್, ಆಕ್ಸಿಜನ್, ಒಬ್ಬ ನರ್ಸ್. ಬೆಳಿಗ್ಗೆ ಬಂದವರು ಸಂಜೆ ಬಸ್ಸಿಗೆ ಮನೆಗೆ ಹೋಗುತ್ತಾರೆ. 371(ಜೆ) ಹೆಸರಿನಲ್ಲಿ ನಮ್ಮ ಭಾಗಕ್ಕೆ ಬರುವ ಹಣದಲ್ಲಿ ಇದು ಒಂದು ರಸ್ತೆ ತಿರುವಿನ ಡಾಂಬರಿನಷ್ಟೂ ಆಗಲಿಕ್ಕಿಲ್ಲ. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಅಂತ ನಿಮ್ಹಾನ್ಸ್ ಅಥವಾ ಧಾರವಾಡದ ಡಿಮ್ಹಾನ್ಸ್‌ನ ಹಿರಿಯರಿಂದ ಒಂದು ಬರಹ ಮಾಡಿಸಿ, ಮೂರೂ ಕಡೆ ಒಂದೇ ನಿಯಮ ಇರಲಿ. ಎರಡು ಔಷಧಿ ಸರಿಯಾಗಿ ಸೋತಿರಬೇಕು. ಭ್ರಮೆ ಕಾಣುವ ಕಾಯಿಲೆ ಇದ್ದವರಿಗೆ, ಬಿಪಿ ಹಿಡಿತದಲ್ಲಿ ಇಲ್ಲದವರಿಗೆ, ಕುಡಿತ ಅಥವಾ ನಶೆಯ ಚಟ ಇದ್ದವರಿಗೆ ಬಹಳ ಯೋಚಿಸಬೇಕು. ಖಿನ್ನತೆಗೆ ಕೆಟಮಿನ್ ಡ್ರಿಪ್ ಕೊಡುವುದು ಔಷಧಿಯ ಲೇಬಲ್ಲಿನ ಮೇಲಿರುವ ಬಳಕೆಯಲ್ಲ, ಡಾಕ್ಟರು ತಮ್ಮ ಜವಾಬ್ದಾರಿಯಲ್ಲಿ ಕೊಡುವುದು. ಹಾಗಾಗಿ ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ಅದರಲ್ಲಿ ಆ ಶೇ. 35ರ ಮಾತೂ ಇರಲಿ. ಡ್ರಿಪ್ ಮುಗಿದ ಮೇಲೆ ಯಾರು ಫೋನ್ ಮಾಡಿ ಕೇಳುತ್ತಾರೆ ಅನ್ನುವುದೂ ಬರೆದಿರಲಿ. ನಾವು ಸೋತಿದ್ದೇ ಅಲ್ಲಿ. ಐದನೇ ವಾರ ನಮಗೆ ಯಾರೂ ಫೋನ್ ಮಾಡಲಿಲ್ಲ.

ಒಂದು ಹೆದರಿಕೆಯನ್ನೂ ಹೇಳುತ್ತೇನೆ. ಇದು ಗಲ್ಲಿಗೊಂದು ಸಲೈನ್ ಅಂಗಡಿ ಆಗಬಾರದು. ಸುಸ್ತು ಅಂದರೆ ಸಲೈನ್, ಜ್ವರ ಅಂದರೆ ಸಲೈನ್ ಅನ್ನುವ ಅಭ್ಯಾಸ ನಮ್ಮ ಕಡೆ ಮೊದಲೇ ಜಾಸ್ತಿ. ನಾಳೆ "ಬೇಜಾರಿಗೆ ಡ್ರಿಪ್" ಅಂತ ಬೋರ್ಡ್ ಬಿದ್ದರೆ ಆಶ್ಚರ್ಯ ಇಲ್ಲ. ಕೆಟಮಿನ್ ಚಟ ಹಿಡಿಸುತ್ತದೆ. ಪಾರ್ಟಿಗಳಲ್ಲಿ ನಶೆಗೆ ಬಳಸುವವರಿದ್ದಾರೆ. ಅವರಲ್ಲಿ ಮೂತ್ರಕೋಶ ಕೆಟ್ಟು, ಹತ್ತು ನಿಮಿಷಕ್ಕೊಮ್ಮೆ ನೋವಿನಿಂದ ಓಡುವ ಸ್ಥಿತಿ ಬರುತ್ತದೆ. 2023ರ ಅಕ್ಟೋಬರ್‌ನಲ್ಲಿ ಹಾಲಿವುಡ್ ನಟ ಮ್ಯಾಥ್ಯೂ ಪೆರ್ರಿ ತೀರಿಕೊಂಡಿದ್ದು ಕೆಟಮಿನ್‌ನಿಂದ. ಡಾಕ್ಟರ ಕಣ್ಣಳತೆಯಲ್ಲಿ ತೆಗೆದುಕೊಂಡ ಡ್ರಿಪ್‌ನಿಂದ ಅಲ್ಲ, ಮನೆಯಲ್ಲಿ ಬೇರೆ ದಾರಿಯಿಂದ ಸಿಕ್ಕಿದ್ದರಿಂದ. ನಮ್ಮಲ್ಲಿ 2013ರ ಕೊನೆಗೆ ಇದನ್ನು ಬಿಗಿ ನಿಯಮದ ಔಷಧಿಗಳ ಪಟ್ಟಿಯಾದ ಶೆಡ್ಯೂಲ್ ಎಕ್ಸ್‌ಗೆ ಸೇರಿಸಿದರು. ಅಲ್ಲಿಂದ ಅದು ಬೀಗ ಹಾಕಿದ ಕಪಾಟು ಸೇರಿತು, ಪ್ರತಿ ವಯಲ್‌ಗೂ ರಿಜಿಸ್ಟರ್ ಬಂತು. ಅರ್ಧ ರಾತ್ರಿ ಎಮರ್ಜೆನ್ಸಿಯಲ್ಲಿ ಬೀಗದ ಕೈ ಹುಡುಕುತ್ತಾ ನಾನು ಆ ನಿಯಮಕ್ಕೆ ಎಷ್ಟೋ ಸಲ ಬೈದಿದ್ದೇನೆ. ಆದರೂ ಹೇಳುತ್ತೇನೆ, ಆ ಬೀಗ ಸಡಿಲ ಮಾಡಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ನೇರ ದಾರಿ ಇಲ್ಲದಿದ್ದರೆ ಜನ ಅಡ್ಡದಾರಿ ಹುಡುಕುತ್ತಾರೆ, ನನ್ನ ಹೆದರಿಕೆ ಅದು.

ಈ ಪತ್ರದ ಬಗ್ಗೆ ಹೇಳಿದಾಗ ಪರಿಚಯದ ಮನೋವೈದ್ಯರೊಬ್ಬರು, "ಸಿಸ್ಟರ್, ಮೊದಲು ಮೊದಲನೇ ಗುಳಿಗೆ ಎಲ್ಲರಿಗೂ ಸಿಗಲಿ. ನೀವು ಆಗಲೇ ಐದನೇ ಮೆಟ್ಟಿಲಿನ ಮಾತಾಡ್ತಿದ್ದೀರಿ" ಅಂದರು. ಅವರ ಮಾತಿನಲ್ಲಿ ಸುಳ್ಳಿಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಖಿನ್ನತೆ ಇರುವ 100 ಜನರಲ್ಲಿ ಸುಮಾರು 85 ಜನ ಚಿಕಿತ್ಸೆಯನ್ನೇ ಕಂಡಿಲ್ಲ. ನನಗೆ ಅವರಿಗೆ ಕೊಡಲು ಒಳ್ಳೆಯ ಉತ್ತರ ಸಿಗಲಿಲ್ಲ. ಆಮೇಲೆ ಬಸ್ಸಿನಲ್ಲಿ ಹೊಳೆಯಿತು. ನಮ್ಮ ಓಣಿಯಲ್ಲಿ ಒಬ್ಬ ಹುಡುಗನಿಗೆ ಗುಳಿಗೆ ಶುರುಮಾಡಿಸಲು ನಾನು ಎಷ್ಟು ಹೇಳಿದರೂ ಅವರಪ್ಪ ಒಪ್ಪಿರಲಿಲ್ಲ. "ನಿನ್ನ ತಮ್ಮಗ ಏನ್ ಆತು ಗುಳಿಗಿಯಿಂದ?" ಅಂದಿದ್ದ. ತಮ್ಮ ಮತ್ತೆ ಅಂಗಡಿ ತೆರೆದ ದಿನ ಅದೇ ಮನುಷ್ಯ ಸುಟ್ಟ ಮಿಕ್ಸರ್ ಹಿಡಿದುಕೊಂಡು ಬಂದು, ಅರ್ಧ ಗಂಟೆ ಸುಮ್ನೆ ಕೂತು, ಹೋಗುವಾಗ ಡಾಕ್ಟರ ಹೆಸರು ಕೇಳಿಕೊಂಡು ಹೋದ. ಐದನೇ ಮೆಟ್ಟಿಲು ಹತ್ತಿದವನು ಓಣಿಯವರ ಕಣ್ಣಿಗೆ ಬಿದ್ದರೆ ಮೊದಲನೇ ಮೆಟ್ಟಿಲಿಗೆ ಕಾಲಿಡುವವರೂ ಬರುತ್ತಾರೆ. ಡಾಕ್ಟರಿಗೆ ಇದನ್ನು ಇನ್ನೂ ಹೇಳಿಲ್ಲ, ಓದಿದರೆ ಇಲ್ಲೇ ಓದಿಕೊಳ್ಳಲಿ.

ಓದುತ್ತಿರುವ ಉಳಿದವರಿಗೂ ಎರಡು ಮಾತು. ನಿಮ್ಮ ಮನೆಯಲ್ಲಿ ಯಾರಾದರೂ ಮೆತ್ತಗಾಗಿದ್ದರೆ ಕೆಟಮಿನ್ ಅಂತ ಓಡಬೇಡಿ. ಹೆಚ್ಚಿನವರಿಗೆ ಅದು ಬೇಕಾಗುವುದೇ ಇಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಇರುತ್ತದೆ, ಅಲ್ಲಿಗೆ ಹೋಗಿ. ಹೊರಗೆ ಬರಲು ಆಗದಿದ್ದರೆ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಬೇಡ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. "ಇದ್ದೂ ಏನ್ ಮಾಡೂದೈತಿ" ಅನ್ನುವ ಮಾತು ಕೇಳಿದರೆ ಬೆಳಗಾಗಲಿ ಅಂತ ಕಾಯಬೇಡಿ.

ಸಾಹೇಬರೇ, ಕೊಪ್ಪಳದಲ್ಲಿ ಆ ರೂಮು ತೆರೆದರೆ, ಹೊಸ ನರ್ಸ್‌ಗಳಿಗೆ ಕೈ ಕೂರುವವರೆಗೆ ಡ್ರಿಪ್ ಇರುವ ದಿನ ನಾನು ಬಂದು ಕೂರುತ್ತೇನೆ. ಸಂಬಳ ಬೇಡ. ಗೋಡೆ ದೂರ ಹೋಗುವಾಗ ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳುವವರು ಒಬ್ಬರು ಬೇಕಾಗುತ್ತದೆ. ಅದು ಯಾವ ಪಟ್ಟಿಯಲ್ಲೂ ಬರೆದಿರುವುದಿಲ್ಲ.

ತಮ್ಮ ಈಗ ಅಂಗಡಿಗೆ ಹೋಗುತ್ತಿದ್ದಾನೆ, ಗುಳಿಗೆ ನಡೆದಿದೆ. ನಾಲ್ಕೈದು ವಾರಕ್ಕೊಮ್ಮೆ ನಮ್ಮ ಬೆಂಗಳೂರು ಪ್ರಯಾಣವೂ ನಡೆದಿದೆ. ಬರುವ ಗುರುವಾರಕ್ಕೆ ಹಂಪಿ ಎಕ್ಸ್‌ಪ್ರೆಸ್‌ಗೆ ಎರಡು ಟಿಕೆಟ್ ಮಾಡಿಸಿದ್ದೇನೆ. ವೇಟಿಂಗ್ ಲಿಸ್ಟ್ 14 ಮತ್ತು 15.

ಇಂತಿ,
ನಿವೃತ್ತ ಸ್ಟಾಫ್ ನರ್ಸ್,
ಕೊಪ್ಪಳ